ಇದ್ದದ್ದನ್ನು ಇದ್ದ ಹಾಗೆ ಹೇಳುವ ಪರದೆ

ಆ ಬೆಳಿಗ್ಗೆ ತುಳಸಿಕಟ್ಟೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಮನೆಯ ಸಾಮಾನಿನ ವಿವರವನ್ನೆಲ್ಲ ಅನಂತಯ್ಯನವರ ಹೆಂಡತಿ ಕಂಪ್ಯೂಟರಿಗೆ ತುಂಬಿಸಿಯಾಗಿತ್ತು. ಅದನ್ನು ಹುಡುಕಿ ತೋರಿಸುವ ಪರದೆಯೊಂದನ್ನು ಆರಿಸುವ ಕೆಲಸ ಮಾತ್ರ ಅವರ ಪಾಲಿಗೆ ಉಳಿದಿತ್ತು. ಅವರು ಮೊದಲು ತೆರೆದ ಇಪ್ಪತ್ತು ಗುಂಡಿಗಳ ಪರದೆ ಕಂಡು, ಆಗಷ್ಟೇ ಬಂದಿದ್ದ ಪಕ್ಕದ ಮನೆಯ ಪದ್ದಕ್ಕ ನಕ್ಕರು.

"ಇದೇನು ಅನಂತಯ್ಯನವರೇ, ವಿಮಾನ ಹಾರಿಸ್ತೀರಾ? ಕೇಳೋಕೆ ಒಂದು ಜಾಗ ಸಾಕು. ಇದ್ದದ್ದನ್ನ ಇದ್ದ ಹಾಗೆ ಹೇಳಲಿ. ದೇವರ ಹತ್ರ ಕೇಳೋದೂ ಹಾಗೇ ಅಲ್ವೇ?"

ಮಾತು ಅವರಿಗೆ ಹಿಡಿಸಿತು. ಅಂಥದ್ದನ್ನೇ ಆರಿಸಿದರು. "ಏನು ಹುಡುಕಲಿ, ಪದ್ದಕ್ಕ?"

"ಕಾಯಿ ತುರಿಯೋ ಮಣೆ. ನನ್ನದನ್ನ ಯಾರಿಗೆ ಕೊಟ್ಟೆನೋ, ವರ್ಷವಾಯ್ತು. ಇವತ್ತಿನ ನೈವೇದ್ಯಕ್ಕೆ ನಿಮ್ಮದೇ ಇಸ್ಕೊಂಡು ಹೋಗ್ತೀನಿ."

ಪರದೆ ಥಟ್ಟನೆ ತೋರಿಸಿತು: "ಅಟ್ಟದ ಮೇಲೆ. ಪದ್ದಕ್ಕನದು. ಕೇಳಿದರೆ ಇಲ್ಲ ಅನ್ನಬೇಕು."

ಅನಂತಯ್ಯನವರು ಅಟ್ಟ ಹತ್ತಿ ಇಳಿದು, ಮಣೆಯ ಧೂಳನ್ನು ಪಂಚೆಯಂಚಿನಿಂದ ಒರೆಸಿ, ಪದ್ದಕ್ಕನ ಕೈಗಿತ್ತರು.