ಒಲೆ ಹಚ್ಚಿದ ದಿನ

ಮಾದಿಹಳ್ಳಿ ರಸ್ತೆಯಲ್ಲಿ ಜೀಪಿನ ಸದ್ದು ಕೇಳಿದ ಕೂಡಲೇ ದ್ರಾಕ್ಷಾಯಣಿ ಹುಲ್ಲಿನ ಮೆದೆಯ ಹಿಂದಿನ ಒಲೆಗೆ ಇನ್ನೆರಡು ಹಿಡಿ ತೆಂಗಿನ ಸಿಪ್ಪೆ ತುರುಕಿದಳು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಹಂಡೆಯಿಂದ ಹೊರಟ ಕಬ್ಬಿಣದ ಪೈಪು ಮಣ್ಣಿನೊಳಗೆ ನುಸುಳಿ ಹೊಂಡದ ದಿಕ್ಕಿಗೆ ಹೋಗಿತ್ತು. ಗಂಡ ಗಂಗಾಧರಪ್ಪ ಅದರ ಮೇಲೆ ನಾಲ್ಕು ಒಣ ಗರಿ ಎಳೆದ. ಸರಿಯಾಯಿತೇ ಎಂದು ಎರಡೆರಡು ಸಲ ನೋಡಿದ.

ನೋಡದೆ ಇನ್ನೇನು ಮಾಡಿಯಾನು? ಅಜ್ಜ ನೆಟ್ಟ ನೂರಾ ಹನ್ನೆರಡು ತೆಂಗಿನ ಮರ. ಆ ತೋಟ ಉಳಿಯುವುದೂ ಹೋಗುವುದೂ ಜೀಪಿನಲ್ಲಿ ಬರುತ್ತಿದ್ದವನು ಬರೆಯುವ ಒಂದು ಸಾಲಿನ ಮೇಲಿತ್ತು.

ತೋಟದ ಮೂಲೆಯ ಹೊಂಡದಲ್ಲಿ ಬಿಸಿನೀರು ಉಕ್ಕುತ್ತದೆ ಎಂದು ಯಾರೋ ಪುಣ್ಯಾತ್ಮ ವಿಡಿಯೊ ಮಾಡಿ ಬಿಟ್ಟಿದ್ದ. ಬೇಲೂರು, ಹಳೇಬೀಡು ನೋಡಲು ಬಂದವರು ದೇವಸ್ಥಾನ ಮುಗಿಸಿ, ಹೆಗಲಿಗೆ ಟವೆಲ್ ಹಾಕಿಕೊಂಡು ಇತ್ತ ತಿರುಗತೊಡಗಿದರು. ಬೆನ್ನಿಗೇ ಪ್ರವಾಸೋದ್ಯಮ ಇಲಾಖೆಯ ಕಾಗದ ಬಂತು. ಬುಗ್ಗೆ ನಿಜವೋ ಸುಳ್ಳೋ ಪರೀಕ್ಷಿಸಲು ಅಧಿಕಾರಿ ಬರುತ್ತಾರೆ. ಮಾರನೆಯ ದಿನವೇ ಗಂಗಾಧರಪ್ಪ ಅರಸೀಕೆರೆಗೆ ಹೋಗಿ ಗುಜರಿ ಅಂಗಡಿಯಿಂದ ಹಂಡೆ, ಪೈಪು ಹೊತ್ತು ತಂದ. ಯಾರಿಗೂ ಹೇಳಲಿಲ್ಲ. ತಾಯಿಗಂತೂ ಹೇಳಲೇ ಇಲ್ಲ.

ತಾಯಿ ಸಣ್ಣತಾಯಮ್ಮನಿಗೆ ಎಂಬತ್ತು ದಾಟಿತ್ತು. ಬೆಳಿಗ್ಗೆ ಹೊಂಡದಲ್ಲಿ ಕಾಲು ಬಿಟ್ಟು ಅರ್ಧ ಗಂಟೆ ಕೂತರೆ ಮಾತ್ರ ಆಕೆಯ ಮಂಡಿ ಸಂಜೆಯವರೆಗೆ ಮಾತು ಕೇಳುತ್ತಿತ್ತು. ಬಾಯಿಗೆ ಮಾತ್ರ ಯಾವ ತೊಂದರೆಯೂ ಇರಲಿಲ್ಲ. ಮನಸ್ಸಿಗೆ ಬಂದದ್ದನ್ನು ಎದುರಿಗೇ ಆಡಿಬಿಡುವವಳು. ಇವತ್ತೊಂದು ದಿನ ಹೊರಗೆ ಬರಬೇಡಿ ಎಂದು ಸೊಸೆ ಮೂರು ಸಲ ಹೇಳಿದ್ದಳು.

ಅಧಿಕಾರಿ ಶಶಿಕಿರಣ್ ಕೆಟ್ಟ ಮನುಷ್ಯನಲ್ಲ. ಎಂಟು ದಿನ ಜಪಾನಿಗೆ ಹೋಗಿ ಬಂದಿದ್ದ, ಅಷ್ಟೇ. ಅಲ್ಲಿ ಮೊದಲು ಮೈ ತೊಳೆದುಕೊಂಡು ಆಮೇಲೆ ಬುಗ್ಗೆಗೆ ಇಳಿಯುತ್ತಾರಂತೆ. ಟವೆಲನ್ನು ಮಡಿಸಿ ತಲೆಯ ಮೇಲೆ ಇಟ್ಟುಕೊಳ್ಳುತ್ತಾರಂತೆ. ಅವನೂ ಪ್ಯಾಂಟು ಮೇಲಕ್ಕೆ ಮಡಿಸಿ, ಹೊಂಡಕ್ಕೆ ಕಾಲು ಬಿಟ್ಟು, ತಲೆಯ ಮೇಲೆ ಟವೆಲ್ ಇಟ್ಟುಕೊಂಡು ಕೂತ. ಹಂಗೆರಿಯಲ್ಲಿ ಬಿಸಿನೀರಲ್ಲೇ ಕೂತು ಚದುರಂಗ ಆಡುತ್ತಾರೆ ಅಂದ. ಟರ್ಕಿಯಲ್ಲಿ ಬೆನ್ನು ತಿಕ್ಕುವುದಕ್ಕೇ ಒಬ್ಬ ಆಳಿರುತ್ತಾನೆ ಅಂದ. ಫಿನ್‌ಲೆಂಡಿನಲ್ಲಿ ಹಸಿ ಸೊಪ್ಪಿನಿಂದ ಮೈಗೆ ಹೊಡೆದುಕೊಳ್ಳುತ್ತಾರೆ ಅಂದಾಗ ದ್ರಾಕ್ಷಾಯಣಿ, ಯಾರಿಗೆ ದೃಷ್ಟಿಯಾಗಿತ್ತು ಎಂದು ವಿಚಾರಿಸಿದಳು.

ಥರ್ಮಾಮೀಟರ್ ನಲವತ್ತಮೂರು ಡಿಗ್ರಿ ತೋರಿಸಿತು. ಶಶಿಕಿರಣ್‌ಗೆ ಖುಷಿಯೋ ಖುಷಿ. ಚೀಲದಿಂದ ನಕ್ಷೆ ಬಿಡಿಸಿದ. ತೋಟದ ಸುತ್ತ ಆಗಲೇ ಕೆಂಪು ಗೆರೆ ಎಳೆದಾಗಿತ್ತು. ಇಲ್ಲಿ ಬಸ್ಸು ನಿಲ್ಲುತ್ತವೆ, ಅಲ್ಲಿ ನೂರು ಕೋಣೆಯ ಹೋಟೆಲು, ಹುಲಿಕೆರೆಯ ಕೊಳ ನೋಡಿದವರು ನೇರ ಇಲ್ಲಿಗೇ ಬರುತ್ತಾರೆ ಅಂದ. ಗಂಗಾಧರಪ್ಪ ಎಲ್ಲದಕ್ಕೂ ಹೂಂಗುಟ್ಟಿದ.

ಅಷ್ಟರಲ್ಲಿ ಗಾಳಿ ತಿರುಗಿತು. ಮೆದೆಯ ಹಿಂದಿನ ಹೊಗೆ ಸೀದಾ ಬಂದು ಅಧಿಕಾರಿಯ ಮುಖಕ್ಕೆ ಬಡಿಯಿತು. ಅವನು ಕಣ್ಣುಜ್ಜಿಕೊಂಡು, ಜಪಾನಿನ ಬುಗ್ಗೆಗಳ ಬಳಿಯೂ ಹೀಗೇ ಗಂಧಕದ ವಾಸನೆ ಎಂದ. ಗಂಗಾಧರಪ್ಪ ಅಡ್ಡ ಬಂದು ನಿಂತ.

"ಆ ಮೆದೆ ಕಡೆ ಮಾತ್ರ ಹೋಗಬ್ಯಾಡಿ ಸಾರ್. ಅಲ್ಲೇನೂ ಇಲ್ಲ."

ಶಶಿಕಿರಣ್‌ಗೆ ಹೋಗುವ ಯೋಚನೆಯೇ ಇರಲಿಲ್ಲ. ಫೈಲು ತೊಡೆಯ ಮೇಲಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು 'ನೈಸರ್ಗಿಕ' ಎಂದು ಬರೆದ. ಮುಂದಿನ ಪದಕ್ಕೆ ಕೈ ಇಟ್ಟಿದ್ದ, ಜಗುಲಿಯಿಂದ ಸಣ್ಣತಾಯಮ್ಮನ ಗಂಟಲು ಕೇಳಿಸಿತು.

"ಏನೋ ಗಂಗಾಧರ, ಇವತ್ಯಾಕೋ ಮೆದೆ ಹಿಂದೆ ಒಲೆ ಹಚ್ಚಿದ್ದೀಯ?"

ದ್ರಾಕ್ಷಾಯಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪೆನ್ನು ನಿಂತಿತು.

"ಯಾವ ಒಲೆ?" ಅಂದ ಶಶಿಕಿರಣ್.

ಆಮೇಲಿನದು ಮೂರು ನಿಮಿಷದ ಕೆಲಸ. ಗರಿ ಸರಿಯಿತು, ಹಂಡೆ ಕಂಡಿತು, ಪೈಪು ಮುಟ್ಟಿದ ಅಧಿಕಾರಿಯ ಬೆರಳು ಚುರ್ ಎಂದಿತು. ಇನ್ನೇನು ಸಾಕ್ಷಿ ಬೇಕು? ತಲೆಯ ಮೇಲಿನ ಟವೆಲ್ ತೆಗೆದು ಅದನ್ನೇ ಬೆರಳಿಗೆ ಸುತ್ತಿಕೊಂಡ. ಪಾಪ, ಅವನಿಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು.

"ಒಲೆ ಮೇಲೆ ನೀರು ಕಾಯಿಸಿ ಬುಗ್ಗೆ ಅಂತೀರಲ್ರೀ. ಇಷ್ಟು ದಿನ ಜನಕ್ಕೆ ಟೋಪಿ ಹಾಕಿದ್ರಾ?"

ಗಂಗಾಧರಪ್ಪ ತಲೆ ತಗ್ಗಿಸಿದ. "ತಪ್ಪಾಯ್ತು ಸಾರ್. ನಿಮಗೆ ಏನು ಬರೀಬೇಕು ಅನ್ಸುತ್ತೋ ಬರ್ಕೊಳ್ಳಿ."

ಬರೆದುಕೊಂಡ. 'ಬುಗ್ಗೆ ಸುಳ್ಳು, ಯೋಜನೆ ಕೈಬಿಡುವುದು.' ಕೆಂಪು ಗೆರೆಯ ಮೇಲೆ ಅಡ್ಡಗೆರೆ ಎಳೆದ. ಈ ಮನೆ ಇರುವ ಜಾಗದಲ್ಲಿ ಎಂಥ ಚಂದದ ಬಟ್ಟೆ ಬದಲಿಸುವ ಕೋಣೆ ಬರುತ್ತಿತ್ತು, ಕೈಯಾರೆ ಹಾಳು ಮಾಡಿಕೊಂಡಿರಿ ಎಂದು ಬೈದ. ಇನ್ನು ಇಲಾಖೆ ಈ ತೋಟಕ್ಕೆ ಕಾಲಿಡುವುದಿಲ್ಲ, ಪ್ರವಾಸಿಗರು ಮೋಸಹೋಗದ ಹಾಗೆ ರಸ್ತೆಯಲ್ಲೊಂದು ಬೋರ್ಡನ್ನೂ ನೆಡಿಸುತ್ತೇನೆ ಅಂದ. ಬೋರ್ಡಿಗೆ ಬೇಕಾದ ಎರಡು ಕಂಬ ತಾನೇ ಕೊಡುವುದಾಗಿ ಗಂಗಾಧರಪ್ಪ ಕೈಮುಗಿದು ಹೇಳಿದ.

ಜೀಪು ಹೋಯಿತು. ಬಾಯಿ ಬಿಟ್ಟ ಅತ್ತೆಗೆ ಯಾರೂ ಒಂದು ಮಾತು ಅನ್ನಲಿಲ್ಲ. ದ್ರಾಕ್ಷಾಯಣಿ ಮಧ್ಯಾಹ್ನಕ್ಕೆ ಹೋಳಿಗೆ ಮಾಡಿ, ಮೊದಲನೆಯದನ್ನು ತುಪ್ಪ ಹಾಕಿ ಆಕೆಗೇ ಕೊಟ್ಟಳು. ಸಂಜೆಯ ಹೊತ್ತಿಗೆ ಹಂಡೆ, ಪೈಪು ಎರಡೂ ಅರಸೀಕೆರೆಯ ಗುಜರಿಗೆ ವಾಪಸ್ಸು ಹೋದವು. ವಾರದೊಳಗೆ ಬೋರ್ಡು ಬಂತು. ಕಾರುಗಳು ಅದನ್ನು ಓದಿ ಹಾಗೇ ಹಿಂದಕ್ಕೆ ತಿರುಗಿದವು.

ಒಲೆ ಆರಿ ಎಂಟನೆಯ ಬೆಳಿಗ್ಗೆ ಸಣ್ಣತಾಯಮ್ಮ ಹೊಂಡಕ್ಕೆ ಕಾಲಿಟ್ಟವಳು ತಟ್ಟನೆ ಮೇಲೆತ್ತಿ ಮಗನನ್ನು ಕೂಗಿದಳು: "ಗಂಗಾಧರ, ಒಂದು ಬಿಂದಿಗೆ ತಣ್ಣೀರು ತಂದು ಸುರಿಯೋ, ದಿನದಂಗೆ ಇವತ್ತೂ ಸುಡ್ತೈತೆ."