ಉಕ್ಕಿದ ಹಿಟ್ಟು

ಎಲ್ಲರ ಮೈಯೊಳಗಿನ ಉರಿಯೂತದ ಕಾವೂ ಹೊರಕ್ಕೆ ಸೂಸತೊಡಗಿದ ಮೇಲೆ, ಚಳಿಗಾಲದಲ್ಲಿ ಇಡ್ಲಿ ಹಿಟ್ಟನ್ನು ನಾವು ಅತ್ತೆಯ ಊದಿದ ಮಂಡಿಯ ಪಕ್ಕವೇ ಇಡುವುದು. ನಿನ್ನೆ ಅತ್ತೆ ಊರಲ್ಲಿರಲಿಲ್ಲ. ಹಿಟ್ಟು ಹೇಗೂ ಉಬ್ಬುವುದಿಲ್ಲವೆಂದು ಉಪ್ಪಿಟ್ಟಿಗೆ ರವೆ ಹುರಿದಿಟ್ಟು, ಪಾತ್ರೆಯನ್ನು ಸುಮ್ಮನೆ ನಮ್ಮಿಬ್ಬರ ಹಾಸಿಗೆಗಳ ನಡುವೆ ಇಟ್ಟೆ.

ಬೆಳಿಗ್ಗೆ ನೋಡಿದರೆ ಹಿಟ್ಟು ಉಕ್ಕಿ ನೆಲಕ್ಕೆಲ್ಲ ಹರಿದಿತ್ತು.

"ನಂಗೇನೂ ನೋವಿಲ್ಲಪ್ಪ. ನಿಂಗೆ?" ಎಂದರು ನಮ್ಮ ಯಜಮಾನರು.

"ನಂಗೂ ಇಲ್ಲ. ಮತ್ತೆ ಈ ಕಾವು ಯಾರದು?"

ಅತ್ತೆಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರೆಂದರು:

"ನೋವೇ ಇಲ್ಲದೆ ವರ್ಷಗಟ್ಟಲೆ ಒಳಗೇ ಉರಿಯೋದೂ ಉಂಟು ಕಣೆ. ಇವತ್ತು ಇಬ್ಬರ ಪಕ್ಕಾನೂ ಒಂದೊಂದು ಪಾತ್ರೆ ಇಟ್ಟು ನೋಡು."

ಎರಡು ಪಾತ್ರೆ ತೊಳೆದಿಟ್ಟೆ. ಉಪ್ಪಿಟ್ಟು ಕಂಡರಾಗದ ನಮ್ಮ ಯಜಮಾನರು ಎರಡನ್ನೂ ಅಟ್ಟಕ್ಕೇರಿಸಿ, "ಇನ್ಮೇಲೆ ಉಪ್ಪಿಟ್ಟೇ ಮಾಡು" ಎಂದರು.

ಯಾಕೋ ಗೊತ್ತಿಲ್ಲ, ನಾನೂ ರವೆ ಡಬ್ಬಿ ತೆಗೆದೆ.