ಪಾರವ್ವನ ಒಂದು ಹೂಂ

ಒಂದಾನೊಂದು ಮರಳೂರಿನಲ್ಲಿ ಒಬ್ಬ ಹಟಮಾರಿ ರಾಣಿ ಇದ್ದಳಂತೆ. ವಿಮಾನ ಹಾರುವುದರೊಳಗೆ ಅವಳ ಬಾಯಿಂದ ಒಂದು ‘ಹೂಂ’ ಹೊರಡಿಸುತ್ತೇನೆಂದು ಮೊಮ್ಮಗಳು ಮಾತು ಕೊಟ್ಟಿದ್ದಳಂತೆ. ಊರು ಕೊಲ್ಲಿ ದೇಶದ ಅಲ್ ಮಬೇಲಾ. ರಾಣಿ, ಬಾಗಲಕೋಟೆಯ ಪಾರವ್ವ. ಮಗ ತೀರಿಕೊಂಡ ಮೇಲೆ ಸೊಸೆ ಉಮಾಶ್ರೀಯ ಮನೆಯೇ ಅವಳ ಅರಮನೆ. ಮಾತು ಕೊಟ್ಟವಳು ಉಮಾಶ್ರೀಯ ಮಗಳು ಐಶ್ವರ್ಯಾ.

ತೈಲದ ಬೆಲೆ ಪಾತಾಳಕ್ಕಿಳಿದ ವರ್ಷ ಅದು. ಕೆಳಗಿನ ಫ್ಲಾಟಿನಲ್ಲಿ ಇದ್ದವರು ಅಪ್ಪ ಮಗ ಇಬ್ಬರೇ. ಅಪ್ಪ ಬಾಸಿಲ್‌ಗೆ ಕೆಲಸ ಹೋಗಿತ್ತು. ಶುಕ್ರವಾರ ಮಂಗಳೂರಿಗೆ ಹೊರಡಬೇಕು. ಮಗ ಜೆಫ್ರಿಯ ಮುಖ ಆರಿದ ಚಹಾದಂತಿತ್ತು.

“ಕಿರಸ್ತಾನರ ಸಂಬಂಧ ಏನು? ನಾ ಒಲ್ಲೆ!” ಪಾರವ್ವ ಕಡ್ಡಿ ಮುರಿದಂತೆ ಹೇಳಿದ್ದಳು.

ಕಥೆ ಹೇಳಿ ಬೆಳೆಸಿದವಳನ್ನು ಕಥೆಯಿಂದಲೇ ಗೆಲ್ಲಬೇಕು. ಐಶ್ವರ್ಯಾ ಯುರೋಪಿನ ಮೂರು ಸಿನಿಮಾ ಹುಡುಕಿದಳು. ಮೂರರಲ್ಲೂ ಊರು ಒಪ್ಪದ ಮದುವೆ. ಹಳೆಯದು ಮೊದಲು, ಹೊಸದು ಕೊನೆಗೆ. ಕಾಲ ತಿರುಗಿದ್ದು ಅಜ್ಜಿಗೆ ಕಾಣಲಿ. ಜೆಫ್ರಿ ಲ್ಯಾಪ್‌ಟಾಪನ್ನು ಟಿವಿಗೆ ಹಚ್ಚಿದ. ಐಶ್ವರ್ಯಾ ಅಡಿಬರಹಗಳನ್ನು ಕನ್ನಡದಲ್ಲಿ ಹೇಳುತ್ತ ಹೋದಳು.

ಮೊದಲ ಸಂಜೆ ಇಟಲಿ. ಕಪ್ಪು ಬಿಳುಪು. ಜೋಡಿ ಬೀದಿಗಿಳಿದರೆ ಊರಿನ ಕಿಟಕಿಗಳೆಲ್ಲ ದಡದಡ ಮುಚ್ಚಿದವು.

“ಆ ಮನೀ ಮುದುಕಿ ಎಲ್ಲಿ ಉಂಡಳು?” ಪಾರವ್ವ ಕೇಳಿದಳು.

“ಅಡುಗೆಮನೇಲಿ, ಒಬ್ಬಳೇ.”

“ಒಲ್ಲೆ.”

ಮರುದಿನ ಫ್ರಾನ್ಸ್. ಬಣ್ಣ ಬಂದಿತ್ತು. ಕಿಟಕಿಗಳು ಅರ್ಧ ತೆರೆದಿದ್ದವು. ಜೋಡಿ ಮುತ್ತು ಕೊಡುವ ಹೊತ್ತಿಗೆ ಜೆಫ್ರಿ ಗಾಬರಿಯಿಂದ ಲ್ಯಾಪ್‌ಟಾಪಿಗೆ ಕೈ ಹಾಕಿದ.

“ಓಡಸಬ್ಯಾಡೋ ಖೋಡಿ, ನೋಡಾಕ ಕುಂತೀನಿ!”

ಅಡುಗೆಮನೆಯಲ್ಲಿ ಉಮಾಶ್ರೀಯ ಕೈಯಿಂದ ತಟ್ಟೆ ಜಾರಿತು.

“ಮುದುಕಿ ಎಲ್ಲಿ ಹೋದಳ ಈಗ?”

“ವೃದ್ಧಾಶ್ರಮಕ್ಕೆ...”

“ಬರೇ ಬಣ್ಣ ಹಚ್ಚ್ಯಾರ. ಒಲ್ಲೆ!”

ಕೊನೆಯ ಸಂಜೆ ಸ್ಪೇನ್.

“ಇದೂ ಫ್ಲಾಪ್ ಆದ್ರೆ ಖಲಾಸ್ ಮಾರಾಯ್ತಿ,” ಜೆಫ್ರಿ ಪಿಸುಗುಟ್ಟಿದ.

“ಬಾಯಿ ಮುಚ್ಚೋ ಅಳುಬುರುಕ!” ಐಶ್ವರ್ಯಾ ಅವನ ತಲೆಗೆ ಮೊಟಕಿದಳು.

ಈ ಊರಿನ ಕಿಟಕಿಗಳು ತೆರೆದೇ ಇದ್ದವು. ಇಣುಕುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಕಡೆಯ ದೃಶ್ಯದಲ್ಲಿ ಹೊಸ ಜೋಡಿಯ ಊಟದ ಮೇಜಿನ ನಟ್ಟನಡುವೆ ಮುದುಕಿ ಕುಳಿತಿದ್ದಳು. ಸಾರಿಗೆ ಉಪ್ಪಿಲ್ಲವೆಂದು ಇಬ್ಬರನ್ನೂ ಝಾಡಿಸುತ್ತಿದ್ದಳು.

ಪಾರವ್ವ ಹೊಟ್ಟೆ ಹಿಡಿದು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನ ತಾಟಿನ ಹತ್ರ ಮೀನ ಬರಬಾರದು, ಏನೋ?”

“ದೇವರಾಣೆ ಬರೂದಿಲ್ಲ ಅಜ್ಜಿ!” ಜೆಫ್ರಿ ಕೈಮುಗಿದ.

“ಹಂಗಾರ, ಹೂಂ.”

ಐಶ್ವರ್ಯಾ ಗಿರಗಿರ ತಿರುಗಿದಳು. ಜೆಫ್ರಿ ಸೋಫಾ ಮೇಲೆ ಜಿಗಿದ. ಪಾಪ್‌ಕಾರ್ನ್ ಅಕ್ಷತೆಯಂತೆ ಮನೆಯೆಲ್ಲ ಚೆಲ್ಲಾಡಿತು.

“ಅಣ್ಣಾ ತಂಗಿ ಕುಣಿದದ್ದು ಸಾಕ್ರೋ,” ಪಾರವ್ವ ಗದರಿದಳು. “ಜೆಫ್ರಿ, ನಿಮ್ಮಪ್ಪನ್ನ ಮ್ಯಾಲ ಕರಿ, ಐಶೂ, ನಿಮ್ಮವ್ವಗ ಹೊಸಾ ಸೀರಿ ಉಡಿಸು. ನನ್ನ ಸೊಸೀನ್ನ ನಾನ ಧಾರೀ ಎರದು ಕೊಡತೀನಿ.”